ಅಡ್ಡ ಹಿಡಿದ ಕೋಲು

ಈಸ್ಟರಿಗೆ ಮೊದಲಿನ ತಪಸ್ಸುಕಾಲದ ನಾಲ್ಕನೆಯ ಶುಕ್ರವಾರ, ಸಂಜೆಯ ಪ್ರಾರ್ಥನೆ ಮುಗಿದ ಮೇಲೆ ಇದು ನಡೆಯಿತು.

ಆ ವರ್ಷ ಕಾನ್ವೆಂಟಿನ ಹಿಂದಿನ ಕಲ್ಲುನೆಲದಲ್ಲಿ ಹೆಣ್ಣುಮಕ್ಕಳ ಹಾಸ್ಟೆಲಿಗೆ ಹೊಸ ಕಟ್ಟಡ ಏಳುವುದಿತ್ತು. ನೆಲವನ್ನು ಮಟ್ಟ ಮಾಡಲು ಯಂತ್ರ ಬಂದಿತ್ತು. ಹಗಲೆಲ್ಲ ಅದರ ಸದ್ದು. ಸಂಜೆ ಅದು ನಿಂತ ಮೇಲೆಯೇ ಒಬ್ಬರ ಮಾತು ಒಬ್ಬರಿಗೆ ಕೇಳಿಸುತ್ತಿತ್ತು.

ಮದರ್ ಅಪೊಲೋನಿಯಾ ಜಗಲಿಯ ಬೆಂಚಿನ ಮೇಲೆ ಕುಳಿತಿದ್ದರು. ತಪಸ್ಸುಕಾಲದ ಶುಕ್ರವಾರಗಳಂದು ಯಾರು ಬೇಕಾದರೂ ಅವರನ್ನು ಒಂದು ಪ್ರಶ್ನೆ ಕೇಳಬಹುದಿತ್ತು. ಉತ್ತರ ಹಿಡಿಸದಿದ್ದರೆ ಇನ್ನೊಂದನ್ನು ಕೇಳುವಂತಿರಲಿಲ್ಲ.

ಅಂದು ಕೇಳಿದವರು ಸಿಸ್ಟರ್ ಬೆನಿಗ್ನಾ. ಹಾಸ್ಟೆಲಿನ ಹೊಣೆ ಅವರದು.

“ಮದರ್, ಆತ್ಮಶೋಧನೆಗೆ ಕುಳಿತರೆ ಈಗೀಗ ನನಗೆ ಏನೂ ಸಿಗುವುದಿಲ್ಲ. ಪಾಪನಿವೇದನೆಗೆ ಹೋಗುವ ಮೊದಲು ಏನು ಹೇಳುವುದೆಂದು ಹುಡುಕಬೇಕಾಗುತ್ತದೆ. ಮನಸ್ಸಾಕ್ಷಿ ಸುಮ್ಮನಿದೆ. ಅದು ಸುಮ್ಮನಿದ್ದರೆ ನಾನು ನೆಟ್ಟಗಿದ್ದೇನೆ ಎಂದು ತಿಳಿಯಬಹುದೆ?”

“ಪುಣ್ಯವಂತರು ನೀವು,” ಎಂದಳು ಅಡುಗೆಯ ಫಿಲೋಮಿನಮ್ಮ, ಅಕ್ಕಿ ಆರಿಸುತ್ತ. “ನನಗೆ ಸಾರಿನ ಉಪ್ಪೊಂದೇ ಸಾಕು, ವಾರಕ್ಕಾಗುವಷ್ಟು ಪಾಪ ಒದಗಿಸುತ್ತದೆ.”

ಮದರ್ ನಗಲಿಲ್ಲ. “ಎಂದಿನಿಂದ ಸುಮ್ಮನಿದೆ?” ಎಂದು ಕೇಳಿದರು.

“ಕ್ರಿಸ್ಮಸ್ ಕಳೆದ ಮೇಲಿನಿಂದ. ಸಿಸ್ಟರ್ ಲಿದ್ವಿನಾ ಹಾಸ್ಟೆಲಿನಲ್ಲಿ ನನ್ನ ಜೊತೆಗಿದ್ದಾಗ ದಿನವೂ ಒಂದು ಕಿರಿಕಿರಿ. ತಡವಾಗಿ ಎದ್ದ ಹುಡುಗಿಯರನ್ನು ತಿಂಡಿಯ ಹೊತ್ತಿನಲ್ಲಿ ನಿಲ್ಲಿಸಿದರೆ, ಅದು ಹೆಚ್ಚಾಯಿತು ಎನ್ನುತ್ತಿದ್ದರು. ಮನೆಯವರು ಕೊಟ್ಟ ತಿನಿಸನ್ನು ತೆಗೆದಿರಿಸಿದರೆ, ಅದೂ ಹೆಚ್ಚಾಯಿತು. ಅನಾಥಾಲಯದಲ್ಲಿ ಬೆಳೆದವರು. ಅವರ ಕಣ್ಣಿಗೆ ಶಿಸ್ತೆಲ್ಲ ಕ್ರೌರ್ಯವಾಗಿಯೇ ಕಾಣುತ್ತದೆ. ಒಮ್ಮೆ ಊಟದ ಮನೆಯಲ್ಲಿ ಅವರಿಗೇ ಹಾಗೆಂದೆ. ಆಮೇಲೆ ಅವರನ್ನು ಬೇರೆ ಊರಿಗೆ ಕಳುಹಿಸಿಕೊಡಿ ಎಂದು ಮೇಲಿನವರನ್ನು ಕೇಳಿಕೊಂಡೆ. ಅವರು ಹೋದರು. ಈಗ ಶಾಂತಿಯಿದೆ.”

ಮದರ್ ಕಾಂಪೌಂಡಿನಾಚೆ ನಿಂತಿದ್ದ ಯಂತ್ರವನ್ನು ನೋಡಿದರು. ಬಳಿಕ ಈ ಕತೆಯನ್ನು ಹೇಳಿದರು.

ಒಬ್ಬ ಚಾಲಕನಿದ್ದ. ಅಂಥದೇ ಯಂತ್ರ ನಡೆಸುತ್ತಿದ್ದ. ಜನ ಅದನ್ನು ಹಿಟಾಚಿ ಎನ್ನುತ್ತಾರೆ. ಅವನ ಕೆಲಸ ಹಳ್ಳ ತೋಡುವುದಲ್ಲ. ತೋಡಿದ ಮೇಲೆ ನೆಲವನ್ನು ಮಟ್ಟಕ್ಕೆ ತರುವುದು, ನೀರು ಹರಿಯಬೇಕಾದ ಕಡೆಗೆ ಹದವಾದ ಇಳಿಜಾರು ಕೊಡುವುದು. ತೋಡುವವರು ಬಹಳ ಮಂದಿ. ಮಟ್ಟ ಮಾಡುವವರು ಕಡಿಮೆ.

ಅವನಿಗೆ ಒಬ್ಬ ತಮ್ಮ. ತಮ್ಮನ ಎಡಗಾಲು ಎಳವೆಯಲ್ಲಿಯೇ ಜ್ವರ ಬಂದು ಸೊರಗಿತ್ತು, ಬಲಗಾಲಿಗಿಂತ ಗಿಡ್ಡ. ಒಂದು ಕಾಲು ಗಿಡ್ಡವಿರುವವನು ಹೆಜ್ಜೆ ಹೆಜ್ಜೆಗೂ ನೆಲವನ್ನು ವಿಚಾರಿಸಿಕೊಂಡೇ ನಡೆಯಬೇಕು. ಹಾಗೆ ನಡೆದು ನಡೆದು ತಮ್ಮನಿಗೆ ನೆಲದ ಮಾತು ತಿಳಿಯುತ್ತಿತ್ತು. ಎಲ್ಲಿ ತಗ್ಗು, ಎಲ್ಲಿ ಉಬ್ಬು, ನೀರು ಬಿದ್ದರೆ ಯಾವ ಕಡೆಗೆ ಹೊರಡುತ್ತದೆ ಎಂಬುದನ್ನು ಅವನು ಪಾದದಿಂದ ಅರಿಯುತ್ತಿದ್ದ. ಅದನ್ನೇ ನಂಬಿಕೊಂಡಿರುತ್ತಿರಲಿಲ್ಲ. ಹೆಗಲ ಮೇಲೆ ಉದ್ದನೆಯ ಪಾರದರ್ಶಕ ಕೊಳವೆಯೊಂದನ್ನು ಸುತ್ತಿಕೊಂಡಿರುತ್ತಿದ್ದ. ಅದಕ್ಕೆ ನೀರು ತುಂಬಿ, ಒಂದು ತುದಿಯನ್ನು ಗೂಟಕ್ಕೆ ಕಟ್ಟಿ, ಇನ್ನೊಂದನ್ನು ತಾನು ಹಿಡಿದು ನೋಡುತ್ತಿದ್ದ. ಗಾರೆಯವರೆಲ್ಲ ಬಳಸುವ ಕೊಳವೆ ಅದು. ಎರಡು ತುದಿಯಲ್ಲಿಯೂ ನೀರು ಒಂದೇ ಎತ್ತರಕ್ಕೆ ನಿಲ್ಲುತ್ತದೆ. ಅದಕ್ಕೆ ಯಾರ ಮುಲಾಜೂ ಇಲ್ಲ.

ಯಂತ್ರದ ಸದ್ದಿನಲ್ಲಿ ಮಾತು ಕೇಳಿಸುವುದಿಲ್ಲ. ಆದ್ದರಿಂದ ಅಣ್ಣತಮ್ಮಂದಿರ ನಡುವೆ ಒಂದು ಸನ್ನೆಯಿತ್ತು. ತಮ್ಮನ ಕೈಯಲ್ಲಿ ಅಳತೆಯ ಕೋಲು. ನೆಲ ಸರಿಯಿದ್ದರೆ ಅವನು ಕೋಲನ್ನು ನೆಟ್ಟಗೆ ಹಿಡಿಯುತ್ತಿದ್ದ. ಓರೆಯಿದ್ದರೆ ತಲೆಯ ಮೇಲೆ ಅಡ್ಡ ಹಿಡಿಯುತ್ತಿದ್ದ. ಅಡ್ಡ ಹಿಡಿದಾಗಲೆಲ್ಲ ಅಣ್ಣ ಯಂತ್ರದ ಮಣ್ಣು ಕೆರೆಯುವ ಬಕೆಟ್ಟನ್ನು ಎತ್ತಿ, ಮತ್ತೊಮ್ಮೆ ಕೆರೆಯುತ್ತಿದ್ದ. ಬೇಸರಪಡುತ್ತಿರಲಿಲ್ಲ.

ಯಂತ್ರಕ್ಕೆ ಸಾಮಾನ್ಯವಾಗಿ ಇರುವ ಬಕೆಟ್, ಯಂತ್ರ ನಿಂತಂತೆ ತಾನೂ ನಿಲ್ಲುತ್ತದೆ. ಯಂತ್ರಕ್ಕೆ ಚಕ್ರದ ಬದಲು ಇರುವ ಚೈನುಗಳಲ್ಲಿ ಎಡಗಡೆಯದು ತಗ್ಗಿನಲ್ಲಿದ್ದರೆ ಯಂತ್ರ ಎಡಕ್ಕೆ ವಾಲುತ್ತದೆ. ಬಕೆಟ್ಟಿನ ಅಂಚೂ ಎಡಕ್ಕೆ ವಾಲುತ್ತದೆ. ಆ ಅಂಚು ಕೆರೆದ ನೆಲವೂ ಎಡಕ್ಕೇ ವಾಲುತ್ತದೆ. ಆದ್ದರಿಂದ ಆ ಚಾಲಕ, ಮುಂದಿನ ನೆಲವನ್ನು ಮುಟ್ಟುವ ಮೊದಲು ತಾನು ನಿಲ್ಲುವ ನೆಲವನ್ನು ಮಟ್ಟ ಮಾಡುತ್ತಿದ್ದ. ಅವನ ಉಸ್ತಾದ ಕಲಿಸಿದ ಕ್ರಮ ಅದು. ಉಸ್ತಾದ ಅದನ್ನು ಯಂತ್ರಕ್ಕೆ ಮಣೆ ಹಾಕುವುದು ಎನ್ನುತ್ತಿದ್ದ. ಚಾಲಕ ಮಣೆ ಹಾಕಿ, ಅದರ ಮೇಲೆ ಯಂತ್ರವನ್ನು ನಿಲ್ಲಿಸಿ, ಕಾಲ ಬಳಿ ಒಂದು ಗಾಜಿನ ಲೋಟದಲ್ಲಿ ನೀರು ಇಡುತ್ತಿದ್ದ. ಲೋಟದಲ್ಲಿ ನೀರು ಒಂದೇ ಸಮನೆ ನಿಂತರೆ ಕೆಲಸ ಶುರು.

ಹೊಸಬರಿಗೆ ಇದು ನಗೆಯ ವಿಷಯ. ಒಮ್ಮೆ ಗುತ್ತಿಗೆದಾರನ ಮೇಸ್ತ್ರಿ, “ಏನಪ್ಪಾ, ಮದುಮಗನಿಗೆ ಹಸೆಮಣೆ ಹಾಕುತ್ತಿದ್ದೀಯೋ?” ಎಂದ.

“ಹೌದು ಸ್ವಾಮಿ,” ಎಂದ ಚಾಲಕ. “ಮದುಮಗ ವಾಲಿಕೊಂಡು ಕುಳಿತರೆ ತಾಳಿ ಯಾರ ಕೊರಳಿಗೆ ಬೀಳುತ್ತದೋ ಹೇಳುವುದಕ್ಕಾಗುವುದಿಲ್ಲ.”

ತಮ್ಮ ಕೋಲಿಗೆ ಒರಗಿಕೊಂಡು ನಕ್ಕ. ಆ ದಿನಗಳಲ್ಲಿ ಅವರು ಹಾಗಿದ್ದರು.

ಮುಂದೆ ಯಂತ್ರದ ಒಡೆಯ ಹೊಸ ಬಕೆಟ್ ತರಿಸಿದ. ಅದು ವಾಲುವ ಬಕೆಟ್. ಯಂತ್ರ ಹೇಗೆ ನಿಂತಿರಲಿ, ಚಾಲಕ ಕೈಯಳತೆಯಲ್ಲಿರುವ ಗುಂಡಿಯನ್ನು ಒತ್ತಿ ಬಕೆಟ್ಟಿನ ಅಂಚನ್ನು ಎಡಕ್ಕೋ ಬಲಕ್ಕೋ ವಾಲಿಸಬಹುದು. ಓರೆ ನೆಲದಲ್ಲಿ ನಿಂತು ಮಟ್ಟದ ನೆಲ ಮಾಡಬಹುದು. ಮಟ್ಟದ ನೆಲದಲ್ಲಿ ನಿಂತು ಇಳಿಜಾರು ಮಾಡಬಹುದು. ಯಂತ್ರವನ್ನು ಹಿಂದೆ ಮುಂದೆ ಸರಿಸಿ ನಿಲ್ಲಿಸುವ ಪಾಡಿಲ್ಲ.

“ಇನ್ನು ನಿನ್ನ ಮಣೆ ಗಿಣೆ ಏನೂ ಬೇಡ,” ಎಂದ ಒಡೆಯ.

ತಮ್ಮ ಬಕೆಟ್ಟಿನ ಸುತ್ತ ಒಂದು ಸುತ್ತು ಬಂದ. ಅದು ಒಂದು ಕಡೆಗೆ ವಾಲಿ, ನೆಟ್ಟಗಾಗಿ, ಇನ್ನೊಂದು ಕಡೆಗೆ ವಾಲುವುದನ್ನು ನೋಡಿದ. “ಅಣ್ಣಾ, ಇದು ನನ್ನ ಹಾಗೇ ವಾಲುತ್ತದಲ್ಲ!” ಎಂದ.

“ನಿನ್ನ ಹಾಗಲ್ಲ ಕಣೋ. ಇದು ಹೇಳಿದ ಕಡೆಗೆ ವಾಲುತ್ತದೆ.”

ಇಬ್ಬರೂ ನಕ್ಕರು. ಅದರಲ್ಲಿ ನೋವಿರಲಿಲ್ಲ.

ಹೊಸ ಬಕೆಟ್ಟಿಗೆ ಸಿಕ್ಕಿದ ಮೊದಲ ದೊಡ್ಡ ಕೆಲಸ ಒಂದು ಗುಡ್ಡದ ಮಗ್ಗುಲಲ್ಲಿ. ಕಲ್ಲುಕ್ವಾರಿಯ ಕೆಲಸಗಾರರಿಗೆ ಅಲ್ಲಿ ಒಂದು ಸಾಲು ಮನೆ ಕಟ್ಟುವುದಿತ್ತು. ಮನೆಗಳ ಹಿಂದೆ ಉದ್ದಕ್ಕೂ ಒಂದು ಅಂಗಳ. ಅಂಗಳ ಮನೆಗಳ ಕಡೆಯಿಂದ ಹೊರಕ್ಕೆ, ಗುಡ್ಡದ ಬುಡದ ಚರಂಡಿಯ ಕಡೆಗೆ, ನಯವಾಗಿ ಇಳಿಯಬೇಕು. ಮಳೆ ಬಂದಾಗ ಗುಡ್ಡದ ನೀರು ಚರಂಡಿಯಲ್ಲಿ ಹೋಗಬೇಕು. ಮನೆಯ ಗೋಡೆಗೆ ಬರಬಾರದು. ಚಾಲಕ ಮಾಡಬೇಕಾಗಿದ್ದದ್ದು ಇಷ್ಟೇ.

ಅವನು ಮಣೆ ಹಾಕಲಿಲ್ಲ. ಹಾಕುವ ಅಗತ್ಯವೂ ಇರಲಿಲ್ಲ. ಯಂತ್ರವನ್ನು ಗುಡ್ಡದ ಓರೆಯಲ್ಲಿಯೇ ನಿಲ್ಲಿಸಿದ. ಒಂದು ಚೈನು ಮೇಲೆ, ಒಂದು ಕೆಳಗೆ. ನೀರಿನ ಲೋಟ ಇಟ್ಟ, ಅದು ಚೆಲ್ಲಿತು. ಮತ್ತೆ ಇಡಲಿಲ್ಲ. ಬಕೆಟ್ಟನ್ನು ತಮ್ಮನ ಕೋಲು ನೋಡಿ ಸರಿಯಾದ ಕೋನಕ್ಕೆ ವಾಲಿಸಿಕೊಂಡ. ಕೆರೆದ. ತಮ್ಮ ಕೋಲನ್ನು ನೆಟ್ಟಗೆ ಹಿಡಿದ. ಮೊದಲ ದಿನದ ಕೆಲಸ ಚೆನ್ನಾಗಿತ್ತು.

ಇಲ್ಲಿ ಹೊಸದಾಗಿ ಮಠ ಸೇರಿದ್ದ ಅರುಳ್ ಮೇರಿ ತಡೆದು ಕೇಳಿದಳು. “ಹಾಗಾದರೆ ಆ ಬಕೆಟ್ ಒಳ್ಳೆಯದೇ ಅಲ್ಲವೆ, ಮದರ್?”

“ಒಳ್ಳೆಯದೇ. ಬಕೆಟ್ಟಿನ ಮೇಲೆ ನನಗೆ ಯಾವ ದೂರೂ ಇಲ್ಲ,” ಎಂದು ಮದರ್ ಮುಂದುವರಿಸಿದರು.

ವಾಲಿದ ಯಂತ್ರದಲ್ಲಿ ಕುಳಿತವನು ತಾನೂ ವಾಲಿ ಕುಳಿತಿರುತ್ತಾನೆ. ಮೊದಲ ದಿನ ಅದು ಗೊತ್ತಾಗುತ್ತದೆ. ಸೊಂಟ ಹೇಳುತ್ತದೆ, ಕತ್ತು ಹೇಳುತ್ತದೆ. ದಿನ ಕಳೆದಂತೆ ಸೊಂಟ ಒಗ್ಗಿಕೊಳ್ಳುತ್ತದೆ. ಕತ್ತು ತನ್ನಷ್ಟಕ್ಕೆ ಒಂದು ಕಡೆಗೆ ಬಾಗಿ, ಬಾಗಿದ್ದನ್ನೇ ನೇರವೆಂದು ತಿಳಿಯುತ್ತದೆ. ಚಾಲಕನ ಕಣ್ಣು ಎದುರಿನ ಗಾಜಿನ ಚೌಕಟ್ಟನ್ನು ನೋಡಿ, ಅದನ್ನೇ ನೆಟ್ಟಗಿನ ಗುರುತಾಗಿ ಇಟ್ಟುಕೊಂಡಿತು. ಚೌಕಟ್ಟು ವಾಲಿತ್ತು. ಅವನು ಬಕೆಟ್ಟನ್ನು ಚೌಕಟ್ಟಿಗೆ ಸರಿಯಾಗಿ ಹೊಂದಿಸಿದ. ಬಕೆಟ್ಟೂ ಅಷ್ಟೇ ವಾಲಿತು. ದಿನಕ್ಕೆ ಒಂದು ಕೂದಲೆಳೆಯಷ್ಟು. ಯಾವ ಒಂದು ದಿನವೂ ಅವನು ತಪ್ಪು ಮಾಡಲಿಲ್ಲ ಎಂದು ಹೇಳಬಹುದು. ನಿನ್ನೆಯ ಹಾಗೆಯೇ ಇಂದೂ ಮಾಡಿದ.

ಅವನು ಮಾಡಿದ ನೆಲ ನುಣುಪಾಗಿತ್ತು. ನೋಡಿದವರು ಹೊಗಳಿದರು. ಮೇಸ್ತ್ರಿ ದೂರದಿಂದ ನೋಡಿ, “ರೊಟ್ಟಿ ತಟ್ಟಿದ ಹಾಗಿದೆ,” ಎಂದ. ನುಣುಪು ಬೇರೆ, ಮಟ್ಟ ಬೇರೆ. ನುಣುಪು ಕಣ್ಣಿಗೆ ಕಾಣುತ್ತದೆ. ಮಟ್ಟವನ್ನು ನೀರು ಮಾತ್ರ ಹೇಳುತ್ತದೆ. ಮಳೆಗಾಲ ಇನ್ನೂ ದೂರವಿತ್ತು.

ಸಾಲಿನ ಕೊನೆಯ ಮನೆಗಳು ಏಳಬೇಕಾದ ಜಾಗಕ್ಕೆ ಬಂದಾಗ ತಮ್ಮ ಕೋಲನ್ನು ಅಡ್ಡ ಹಿಡಿದ. ಅಣ್ಣ ಒಮ್ಮೆ ಕೆರೆದ. ತಮ್ಮ ಅಡ್ಡವೇ ಹಿಡಿದಿದ್ದ. ಇನ್ನೊಮ್ಮೆ ಕೆರೆದ. ಕೋಲು ಇಳಿಯಲಿಲ್ಲ. ಮರುದಿನವೂ ಹಾಗೆಯೇ ಆಯಿತು. ಅಣ್ಣನಿಗೆ ಮೊದಲ ಬಾರಿ ಬೇಸರ ಬಂತು.

ಅದು ಚಹಾದ ಹೊತ್ತು. ಗಾರೆಯವರು, ಕಲ್ಲು ಹೊರುವವರು, ಮೇಸ್ತ್ರಿ, ಎಲ್ಲರೂ ನೆರಳಿನಲ್ಲಿ ಕುಳಿತಿದ್ದರು. ಚಾಲಕ ಯಂತ್ರವನ್ನು ನಿಲ್ಲಿಸಿ, ಬಾಗಿಲು ತೆರೆದು, ಇಳಿಯದೆ ಅಲ್ಲಿಂದಲೇ ಕೂಗಿದ.

“ಎಲ್ಲೋ ಓರೆ?”

“ನೆಲ ಮನೆ ಕಡೆಗೆ ಬರುತ್ತಿದೆ ಅಣ್ಣಾ. ಹಿಂದಕ್ಕೆ ಇಳಿಯಬೇಕಾದದ್ದು ಮುಂದಕ್ಕೆ ಇಳಿಯುತ್ತಿದೆ.”

“ನನಗೆ ಇಲ್ಲಿಂದ ಕಾಣುವುದಿಲ್ಲವೇನೋ?”

“ಅಲ್ಲಿಂದ ಕಾಣುವುದಿಲ್ಲ. ಇಳಿದು ಬಾ.”

ಇಳಿದು ಬಾ ಎಂಬ ಮಾತು ಅಷ್ಟು ಜನರ ಮುಂದೆ ಅವನಿಗೆ ಹಿಡಿಸಲಿಲ್ಲ. ಅವನು ನೆರಳಿನಲ್ಲಿದ್ದವರ ಕಡೆಗೆ ತಿರುಗಿ, “ನೋಡಿ ಸ್ವಾಮಿ, ಕುಂಟ ನಿಂತಲ್ಲೆಲ್ಲ ಲೋಕ ಓರೆ!” ಎಂದ. ತಮ್ಮನಿಗೆ, “ಮೊದಲು ನೀನು ನೆಟ್ಟಗೆ ನಿಂತುಕೊಳ್ಳೋ. ಆಮೇಲೆ ನನ್ನ ನೆಲ ನೋಡುವೆಯಂತೆ,” ಎಂದ.

ಎಲ್ಲರೂ ನಕ್ಕರು. ಒಬ್ಬನಿಗೆ ಚಹಾ ನೆತ್ತಿಗೇರಿತು. ಅವನ ಬೆನ್ನು ತಟ್ಟುತ್ತ ಇನ್ನಷ್ಟು ನಕ್ಕರು. ತಮ್ಮನೂ ನಕ್ಕ. ಎಲ್ಲರೂ ನಗುವಾಗ ಒಬ್ಬನೇ ನಗದೆ ನಿಲ್ಲುವುದು ಕಷ್ಟ.

ಆಮೇಲೆ ಅವನು ಬಗ್ಗಿ ತನ್ನ ಕಾಲನ್ನು ನೋಡಿಕೊಂಡ. ಆ ಕಾಲನ್ನು ಅವನು ಎಳವೆಯಿಂದ ಬಲ್ಲ. ಅಂದು ಮೊದಲ ಸಲ ನೋಡುವವನಂತೆ ನೋಡಿದ. ನೀರಿನ ಕೊಳವೆ ಅವನ ಹೆಗಲ ಮೇಲೆಯೇ ಇತ್ತು. ಬಿಚ್ಚಿ ತೋರಿಸಬಹುದಾಗಿತ್ತು. ಬಿಚ್ಚಲಿಲ್ಲ. ನಗುವವರ ಮುಂದೆ ಯಾರೂ ನೀರನ್ನು ಸಾಕ್ಷಿಗೆ ಕರೆಯುವುದಿಲ್ಲ. ಅವನು ಮೆಲ್ಲಗೆ ಕೋಲನ್ನು ತಿರುಗಿಸಿ ನೆಟ್ಟಗೆ ಹಿಡಿದ.

“ಸರಿ ಇದೆ ಅಣ್ಣಾ,” ಎಂದ.

ಅಂದು ಸಂಜೆಯವರೆಗೂ ಕೋಲು ನೆಟ್ಟಗೇ ಇತ್ತು. ಚಾಲಕನ ಕೆಲಸ ಸರಾಗವಾಗಿ ಸಾಗಿತು. ಯಂತ್ರ ನಿಂತ ಮೇಲೆ ತಮ್ಮ ಕೋಲನ್ನು ಚೈನಿಗೆ ಒರಗಿಸಿ, ಕೊಳವೆಯನ್ನು ಸುರುಳಿ ಸುತ್ತಿ ಯಂತ್ರದ ಬಾಗಿಲ ಬಳಿಯ ಕೊಕ್ಕೆಗೆ ತೂಗುಹಾಕಿ, ಹೆಂಡತಿಯ ತವರಿಗೆ ಹೋಗಿಬರುತ್ತೇನೆ ಎಂದು ಹೇಳಿ ಹೋದ. ಅಣ್ಣ ತಲೆಯಾಡಿಸಿದ. ಅವನಿಗೆ ಹಸಿವಾಗಿತ್ತು. ಹೊಟ್ಟೆ ತುಂಬ ಉಂಡು ಮಲಗಿದ. ಒಳ್ಳೆಯ ನಿದ್ದೆ ಬಂತು.

ತಮ್ಮ ತಿರುಗಿ ಬರಲಿಲ್ಲ. ಅತ್ತೆಮನೆಯ ಊಟ ರುಚಿಸಿರಬೇಕು ಎಂದು ಅಣ್ಣ ನಾಲ್ಕು ಜನರ ಎದುರು ತಮಾಷೆ ಮಾಡಿದ. ಕೆಲಸ ಮುಗಿಯಿತು. ಮನೆಗಳು ಎದ್ದವು. ಜನ ಬಂದು ಸೇರಿಕೊಂಡರು. ಬಾಗಿಲಿಗೆ ತೋರಣ ಕಟ್ಟಿ ಹಾಲು ಉಕ್ಕಿಸಿದರು.

ಮಳೆ ಬಂತು. ಗುಡ್ಡದಿಂದ ಇಳಿದ ನೀರು ಸಾಲಿನ ಮೊದಲ ಮನೆಗಳ ಹಿಂದೆ ಚರಂಡಿಯಲ್ಲಿ ಹೋಯಿತು. ಕೊನೆಯ ಮನೆಗಳ ಹಿಂದೆ ಅಂಗಳಕ್ಕೆ ಬಂದು, ಅಂಗಳದಿಂದ ಗೋಡೆಗೆ ಬಂದು, ಗೋಡೆಯ ಬುಡದಲ್ಲಿ ನಿಂತಿತು. ಮೊದಲು ಹಾಸಿಗೆ ನೆನೆಯಿತು. ಆಮೇಲೆ ಜೋಳದ ಚೀಲ. ಎಲ್ಲಕ್ಕೂ ಕೊನೆಯ ಮನೆಯ ಹಿಂಗೋಡೆ ಕುಸಿದು ಬಿತ್ತು. ಯಾರೂ ಸಾಯಲಿಲ್ಲ. ಆ ಮನೆಯವರು ಪಾತ್ರೆಗಳನ್ನು ಹೊತ್ತುಕೊಂಡು ಮತ್ತೆ ಕ್ವಾರಿಯ ಶೆಡ್ಡಿಗೆ ಹೋದರು. ಬಾಗಿಲ ತೋರಣ ಇನ್ನೂ ಉದುರಿರಲಿಲ್ಲ.

ಕೆಸರು ತೆಗೆಯಲು ಚಾಲಕನನ್ನೇ ಕರೆಸಿದರು. ಯಾರೂ ಅವನನ್ನು ಬೈಯಲಿಲ್ಲ. ಮಳೆಯನ್ನು ಬೈದರು. “ಪಾಪ, ನೀನಾದರೂ ಏನು ಮಾಡುತ್ತೀಯಪ್ಪಾ? ಅಂಗಳವನ್ನು ರೊಟ್ಟಿ ತಟ್ಟಿದ ಹಾಗೆ ಮಾಡಿಕೊಟ್ಟಿದ್ದೆ,” ಎಂದಳು ಮನೆ ಕಳೆದುಕೊಂಡ ಹೆಂಗಸು. ಅವನಿಗೆ ಚಹಾ ತಂದುಕೊಟ್ಟಳು.

ಅವನು ಚಹಾ ಕುಡಿಯಲಿಲ್ಲ. ಅಂಗಳದ ನೀರನ್ನು ನೋಡುತ್ತಿದ್ದ. ಅದು ಅವಸರವಿಲ್ಲದೆ ಗೋಡೆಯ ಕಡೆಗೆ ಬರುತ್ತಿತ್ತು. ಅವನು ಕೊಕ್ಕೆಯಿಂದ ತಮ್ಮನ ಕೊಳವೆಯನ್ನು ತೆಗೆದ. ಅದರಲ್ಲಿ ಧೂಳು ಕಟ್ಟಿತ್ತು. ತೊಳೆದು, ನೀರು ತುಂಬಿ, ಒಂದು ತುದಿಯನ್ನು ಗೂಟಕ್ಕೆ ಕಟ್ಟಿ, ಇನ್ನೊಂದನ್ನು ಹಿಡಿದು ಕೆಸರಿನಲ್ಲಿ ಮಂಡಿಯೂರಿದ. ಕೊಳವೆಯ ನೀರು ನೆಲದ ಸುಳ್ಳನ್ನು ಬಯಲಿಗೆಳೆಯಿತು. ಗೇಣಿಗಿಂತ ಹೆಚ್ಚು ಓರೆ. ತಮ್ಮ ಕೋಲನ್ನು ಅಡ್ಡ ಹಿಡಿದು ನಿಂತಿದ್ದ ಜಾಗವೂ ಅದೇ.

ಅವನು ಯಂತ್ರಕ್ಕೆ ಮಣೆ ಹಾಕಿದ. ಲೋಟದಲ್ಲಿ ನೀರು ಇಟ್ಟ. ಅಂಗಳವನ್ನೆಲ್ಲ ಮತ್ತೆ ಕೆರೆದು ನೀರಿಗೆ ದಾರಿ ಮಾಡಿಕೊಟ್ಟ. ಬಕೆಟ್ ಅದೇ. ಅದು ಹೇಳಿದ ಕಡೆಗೆ ವಾಲಿತು. ಕೆಲಸ ಮುಗಿದ ಮೇಲೆ ಅವನು ತಮ್ಮನನ್ನು ಹುಡುಕಿಕೊಂಡು ಹೊರಟ.

ತಮ್ಮ, ತನ್ನ ಹೆಂಡತಿಯ ಊರಿನಾಚೆ ಒಂದು ಬಂಡೆಯ ಬಳಿ, ತಗಡಿನ ಚಪ್ಪರದ ಕೆಳಗೆ ಕುಳಿತು ಜಲ್ಲಿ ಒಡೆಯುತ್ತಿದ್ದ. ಅಣ್ಣನನ್ನು ಕಂಡು ಎದ್ದು ನಿಂತ. ಮುಖ ಅರಳಿತು. “ಬಾ ಅಣ್ಣಾ. ಬಿಸಿಲಿನಲ್ಲಿ ಬಂದೆಯಲ್ಲ,” ಎಂದು ತಾನು ಕುಳಿತಿದ್ದ ಗೋಣಿಯನ್ನು ಕೊಡವಿ ಹಾಸಿದ. ಹೂಜಿಯಿಂದ ನೀರು ಕೊಟ್ಟ. ಅತ್ತಿಗೆ ಹೇಗಿದ್ದಾಳೆ ಎಂದು ಕೇಳಿದ. ಅವನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅಣ್ಣನಿಗೆ ಹಗುರವಾಗುತ್ತಿತ್ತು.

“ಬಾರೋ ಹೋಗೋಣ,” ಎಂದ ಅಣ್ಣ. “ನೀನು ಹೇಳಿದ್ದೇ ನಿಜ. ಕೊನೆಯ ಮನೆಯ ಗೋಡೆ ಹೋಯಿತು. ಕೊಳವೆ ಇಟ್ಟು ನೋಡಿದೆ. ಅಷ್ಟೂ ಓರೆ. ತಪ್ಪು ನನ್ನದು.”

ತಮ್ಮ ಸುತ್ತಿಗೆಯನ್ನು ಕೈಯಲ್ಲಿ ತಿರುಗಿಸುತ್ತ ಕುಳಿತಿದ್ದ.

“ಇರಬಹುದು ಅಣ್ಣಾ.”

“ಇರಬಹುದು ಎಂದರೇನೋ? ಇದೆ ಎನ್ನುತ್ತಿದ್ದೇನೆ. ನೀನೇ ಕಂಡಿದ್ದೆ.”

“ಕಂಡಿದ್ದೆನೋ ಏನೋ. ಇಲ್ಲಿಗೆ ಬಂದ ಮೇಲೆ ಒಬ್ಬ ಗಾರೆಯವನ ಹತ್ತಿರ ಕೋಲು ಹಿಡಿಯಲು ಹೋಗಿದ್ದೆ. ಒಳ್ಳೆಯ ಮನುಷ್ಯ. ಗೋಡೆ ವಾಲಿದ ಹಾಗೆ ಕಂಡಿತು. ಓರೆ ಎನ್ನಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಕಣ್ಣು ಕಾಲಿನ ಕಡೆಗೆ ಹೋಯಿತು. ಗೋಡೆ ವಾಲಿದೆಯೋ ನಾನೇ ವಾಲಿದ್ದೇನೋ ತಿಳಿಯಲಿಲ್ಲ. ಕೊಳವೆ ಹಿಡಿದು ನೋಡಿದೆ. ನೀರು ಓರೆ ಎಂದಿತು. ಹಿಡಿದಿರುವವನು ನಾನೇ ಅಲ್ಲವೆ ಎನ್ನಿಸಿತು. ಸರಿ ಇದೆ ಎಂದುಬಿಟ್ಟೆ. ಮಾರನೆಯ ದಿನ ಹೋಗಲಿಲ್ಲ.”

ಅಣ್ಣ ಏನೋ ಹೇಳಲು ಹೋದ. ತಮ್ಮ ಅವನ ಮೊಣಕೈಯನ್ನು ಮುಟ್ಟಿ, ಚಿಕ್ಕವರನ್ನು ಸಮಾಧಾನ ಮಾಡುವಂತೆ ಹೇಳಿದ.

“ನನಗೆ ಇದೇ ಸರಿ ಅಣ್ಣಾ. ಜಲ್ಲಿಗೆ ಮಟ್ಟ ಬೇಡ.”

ಅವನು ಅಣ್ಣನನ್ನು ರಸ್ತೆಯ ತನಕ ಬಿಟ್ಟು ಬಂದ. ದಾರಿ ಚಪ್ಪಟೆಯಾಗಿತ್ತು. ಆದರೂ ತಮ್ಮ ಹೆಜ್ಜೆ ಹೆಜ್ಜೆಗೂ ನೆಲವನ್ನು ನೋಡಿಕೊಂಡು, ನಂಬದವನಂತೆ ನಡೆಯುತ್ತಿದ್ದ. ಮೊದಲು ಅವನು ನೆಲವನ್ನು ವಿಚಾರಿಸುತ್ತಿದ್ದ. ಈಗ ತನ್ನನ್ನು ವಿಚಾರಿಸಿಕೊಳ್ಳುತ್ತಿದ್ದ. ಆ ವ್ಯತ್ಯಾಸ ಅಣ್ಣನೊಬ್ಬನಿಗೆ ಮಾತ್ರ ತಿಳಿಯುವಂಥದ್ದು. ಅವನು ಅದನ್ನು ನೋಡಿದ.

ಚಾಲಕ ಮತ್ತೆ ಕೆಲಸಕ್ಕೆ ಹೋದ. ಕೋಲು ಹಿಡಿಯಲು ಬೇರೊಬ್ಬ ಬಂದ. ಅವನಿಗೆ ಎರಡು ಕಾಲೂ ನೆಟ್ಟಗಿದ್ದವು. ಹಿಂದೆ ಕೋಲು ಹಿಡಿದವನಿಗೆ ಆದದ್ದನ್ನು ಅವನು ಚಹಾದಂಗಡಿಯಲ್ಲಿ ಕೇಳಿ ತಿಳಿದಿದ್ದ. ಕೋಲನ್ನು ಎಂದೂ ಅಡ್ಡ ಹಿಡಿಯಲಿಲ್ಲ. ಚಾಲಕ ಯಂತ್ರವನ್ನು ನಿಲ್ಲಿಸಿ, ಇಳಿದು ಬಂದು, ಅವನೆದುರು ನಿಂತು, “ಓರೆಯಿದ್ದರೆ ಹೇಳಪ್ಪಾ. ನಿನಗೆ ಕೈ ಮುಗಿಯುತ್ತೇನೆ, ಹೇಳು,” ಎನ್ನುತ್ತಿದ್ದ.

“ಎಲ್ಲ ಸರಿ ಇದೆ ಅಣ್ಣಾ,” ಎನ್ನುತ್ತಿದ್ದ ಅವನು, ಕೋಲನ್ನು ಇನ್ನೂ ನೆಟ್ಟಗೆ ಮಾಡಿ.

ಚಾಲಕ ತಾನೇ ಮಂಡಿಯೂರಿ ಕೊಳವೆ ಹಿಡಿದು ನೋಡುವುದನ್ನು ಅಭ್ಯಾಸ ಮಾಡಿಕೊಂಡ. ಮಣೆ ಹಾಕದೆ ಕೆಲಸ ಮಾಡಲಿಲ್ಲ. ಅವನ ನೆಲಗಳೆಲ್ಲ ಮಟ್ಟವಾಗಿದ್ದವು ಎಂದು ಹೇಳುತ್ತಾರೆ. ಯಂತ್ರದಲ್ಲಿ ಕುಳಿತಾಗ ಅವನ ಕಣ್ಣು ಮಾತ್ರ ಬಕೆಟ್ಟಿನ ಮೇಲಿರುತ್ತಿರಲಿಲ್ಲ. ಅಂಗಳದ ಕೊನೆಯಲ್ಲಿ ಕೋಲು ಹಿಡಿದು ನಿಂತವನ ಕಡೆಗಿರುತ್ತಿತ್ತು. ಕೋಲು ಒಂದು ಸಲ ಅಡ್ಡವಾಗಲಿ ಎಂದು ಅವನು ಕಾಯುತ್ತಿದ್ದ. ಅವನು ಬದುಕಿದ್ದ ಅಷ್ಟೂ ಕಾಲ ಅದು ಅಡ್ಡವಾಗಲಿಲ್ಲ.

ಮದರ್ ಕತೆಯನ್ನು ಅಲ್ಲಿಗೆ ನಿಲ್ಲಿಸಿದರು.

ಫಿಲೋಮಿನಮ್ಮ ಅಕ್ಕಿ ಆರಿಸುವುದನ್ನು ಬಿಟ್ಟಿದ್ದಳು. ಮುದುಕಿ ಸಿಸ್ಟರ್ ಪೆತ್ರೊನಿಲಾ, ಕಿವಿ ಮಂದವಾಗಿದ್ದರೂ, ಎಲ್ಲವನ್ನೂ ಕೇಳಿಸಿಕೊಂಡಂತೆ ತಲೆ ತಗ್ಗಿಸಿ ಕುಳಿತಿದ್ದರು.

ಸಿಸ್ಟರ್ ಬೆನಿಗ್ನಾ ಮೆಲ್ಲಗೆ ಕೇಳಿದರು. “ಹಾಗಾದರೆ ನಾನು ಹಾಸ್ಟೆಲಿನ ನಿಯಮಗಳನ್ನು ಮತ್ತೊಮ್ಮೆ ಪರಿಶೀಲಿಸಬೇಕು ಎನ್ನುತ್ತೀರಾ, ಮದರ್? ಈಗಲೇ ಮಾಡುತ್ತೇನೆ. ನನ್ನ ಮನಸ್ಸಾಕ್ಷಿಯನ್ನೂ ಇನ್ನಷ್ಟು ಕಟ್ಟುನಿಟ್ಟಾಗಿ ಶೋಧಿಸುತ್ತೇನೆ.”

ಎರಡನೆಯ ಪ್ರಶ್ನೆಗೆ ಅವಕಾಶವಿರಲಿಲ್ಲ. ಆದರೂ ಮದರ್ ಅದನ್ನು ನೆನಪಿಸಲಿಲ್ಲ. ಬೆಂಚಿನಿಂದ ಎದ್ದು, ಜಪಸರವನ್ನು ಕೈಗೆ ತೆಗೆದುಕೊಂಡು, ಬಾಗಿಲ ಬಳಿ ನಿಂತು ಹೇಳಿದರು.

“ನಿನ್ನ ಮನಸ್ಸಾಕ್ಷಿ ಹಾಗಿರಲಿ, ಬೆನಿಗ್ನಾ, ಲಿದ್ವಿನಾ ಈಗ ಹೋದಲ್ಲಿ ಕೋಲನ್ನು ಅಡ್ಡ ಹಿಡಿಯುತ್ತಾಳೆಯೆ?”



ಅಂದು ಜಗಲಿಯಲ್ಲಿದ್ದವರು: ಮದರ್ ಅಪೊಲೋನಿಯಾ, ಸಿಸ್ಟರ್ ಪೆತ್ರೊನಿಲಾ, ಸಿಸ್ಟರ್ ಬೆನಿಗ್ನಾ, ಅರುಳ್ ಮೇರಿ, ಅಡುಗೆಯ ಫಿಲೋಮಿನಮ್ಮ. ಬೇರೆ ಯಾರೂ ಇರಲಿಲ್ಲ.